ನಾಲ್ಕು ಮಿಲಿಮೀಟರ್

ನಮ್ಮ ನಕ್ಷೆ ಕೋಣೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಸಾಹೇಬರೂ ಅಷ್ಟೆ. ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಅದಕ್ಕೊಂದು ಬಾಗಿಲಿನಷ್ಟು ಅಗಲದ ಮೇಜು. ಮೇಲೆ ನೋಡಿದರೆ ಬರೀ ನುಣುಪಾದ ಹಲಗೆ. ಒಳಗೆ ಅಡ್ಡಕ್ಕೂ ಉದ್ದಕ್ಕೂ ಸಣ್ಣ ತಂತಿಗಳ ಜಾಲ. ನಕ್ಷೆಯನ್ನು ಅದರ ಮೇಲೆ ಅಂಟಿಸಿ, ಅಂಗೈಯಗಲದ ಒಂದು ಉಪಕರಣವನ್ನು ಗೆರೆಯ ಮೇಲೆ ಓಡಿಸಬೇಕು. ನಾವದನ್ನು ಇಲಿಮರಿ ಎನ್ನುತ್ತಿದ್ದೆವು. ಅದರ ಮುಂದೆ ಗಾಜು, ಗಾಜಿನ ನಡುವೆ ಕೂದಲೆಳೆಯಂಥ ಎರಡು ಗೆರೆಗಳು ಕೂಡುವ ಜಾಗ, ಸುತ್ತ ತಂತಿಯ ಸುರುಳಿ. ಸುರುಳಿ ಹೊರಡಿಸುವ ಸಂಕೇತ ಕೆಳಗಿನ ಯಾವ ತಂತಿಗಳಲ್ಲಿ ಜೋರಾಗಿದೆ ಎಂಬುದರಿಂದ ಇಲಿಮರಿ ಎಲ್ಲಿದೆಯೆಂದು ಮೇಜಿಗೆ ತಿಳಿಯುತ್ತದೆ. ಗುಂಡಿ ಒತ್ತಿದರೆ ಆ ಜಾಗ ಎರಡು ಅಂಕಿಗಳಾಗಿ ಕಂಪ್ಯೂಟರಿಗೆ ಹೋಗುತ್ತದೆ.

ಇಷ್ಟು ನನ್ನ ತಲೆಗೆ ಹೋಗಲು ಆರು ತಿಂಗಳು ಹಿಡಿಯಿತು. ಅಕ್ಕನ ಕೈಯೋ, ಅಬ್ಬಬ್ಬಾ! ಹಳ್ಳದ ಅಂಕುಡೊಂಕನ್ನೂ ಒಂದೇ ಓಟಕ್ಕೆ ಮುಗಿಸುತ್ತಿದ್ದರು. ಮೊದಲು ನಕ್ಷೆಯ ನಾಲ್ಕು ಮೂಲೆಗಳ ಗುರುತು ಒತ್ತುವರು. ಊಟ ಮಾಡಿ ಬಂದು ಮತ್ತೆ ಒತ್ತುವರು. "ನಾವಿಲ್ಲದಾಗ ಕಾಗದ ಸುಮ್ನೆ ಬಿದ್ದಿರುತ್ತೆ ಅಂದ್ಕೊಂಡ್ಯಾ? ಸೆಕೆಗೂ ತೇವಕ್ಕೂ ಹಿಗ್ಗಿ ಕುಗ್ಗುತ್ತೆ ಕಣೆ," ಎಂದು ನನ್ನನ್ನು ರೇಗಿಸುವರು.

ಒಂದು ಮಧ್ಯಾಹ್ನ ಫ್ಯಾನಿನ ಗಾಳಿಗೆ ನಕ್ಷೆಯ ಅಂಚು ಪಟಪಟ ಎನ್ನುತ್ತಿತ್ತು. ಮಹಾ ಜಾಣೆ ನಾನು, ಉದ್ದನೆಯ ಉಕ್ಕಿನ ಸ್ಕೇಲನ್ನು ತಂದು ಅದರ ಮೇಲಿಟ್ಟೆ. ಗೆರೆಯಲ್ಲೇ ಮುಳುಗಿದ್ದ ಅಕ್ಕ ಗಮನಿಸಲಿಲ್ಲ.

ಎರಡು ತಿಂಗಳ ಬಳಿಕ ದರ್ಜಿಯೊಬ್ಬರು ನೋಟೀಸು ಹಿಡಿದು ಬಂದರು. ಕಂಪ್ಯೂಟರಿನ ಹೊಸ ನಕ್ಷೆಯ ಪ್ರಕಾರ ಅವರ ಮುಂದಿನ ಕೋಣೆ ರಸ್ತೆಯ ಮೇಲಿದೆಯಂತೆ, ಸೋಮವಾರ ಒಡೆಯುತ್ತಾರಂತೆ. ಹೊಲಿಗೆ ಯಂತ್ರ ಇರುವುದೂ ಅದೇ ಕೋಣೆಯಲ್ಲಿ.

"ನಮ್ಮಪ್ಪ ಕಟ್ಟಿದ ಗೋಡೆ ಮೇಡಂ. ಅದೇನು ಕಾಲು ಬಂದು ನಡ್ಕೊಂಡು ಹೋಯ್ತಾ?" ಎಂದರು.

ಸಾಹೇಬರು ಅಕ್ಕನನ್ನು ಪಕ್ಕಕ್ಕೆ ಕರೆದರು. "ಮುಂದಿನ ವಾರ ನಿಮ್ಮ ಬಡ್ತಿ ಆದೇಶ ಬರುತ್ತೆ. ಈಗ ಯಾಕೆ ಮೈಮೇಲೆ ಎಳ್ಕೋತೀರಿ?"

ಅಕ್ಕ ಹಳೆಯ ನಕ್ಷೆಯನ್ನು ಮೇಜಿಗೆ ಅಂಟಿಸಿ, ನಾಲ್ಕು ಮೂಲೆ ಒತ್ತಿ, ದರ್ಜಿಯ ಮನೆಯ ಮೇಲೆ ಇಲಿಮರಿ ತಂದರು. ಹಿಂದಿನ ಅಂಕಿಗೂ ಇದಕ್ಕೂ ನಾಲ್ಕು ಮಿಲಿಮೀಟರ್ ಅಂತರ. ನೆಲದ ಮೇಲೆ ಅದು ನಾಲ್ಕು ಮೀಟರ್. ಫ್ಯಾನಿನ ಗಾಳಿಗೆಂದು ಇಟ್ಟ ಸ್ಕೇಲು ನನಗೆ ನೆನಪಾಯಿತು. ಸ್ಕೇಲನ್ನು ತಂದು ಅದೇ ಅಂಚಿಗಿಟ್ಟೆ. ಇಲಿಮರಿ ಅಲುಗಲಿಲ್ಲ, ಆದರೆ ಪರದೆಯ ಮೇಲಿನ ಚುಕ್ಕೆ ಪಕ್ಕಕ್ಕೆ ಸರಿಯಿತು. ಉಕ್ಕು ಹತ್ತಿರ ಬಂದರೆ ಸಂಕೇತ ಕೆಡುತ್ತದೆ.

"ಅಕ್ಕ, ಅವತ್ತು ಇದನ್ನ ಇಟ್ಟಿದ್ದು ನಾನು," ಎಂದೆ. ಅಳು ಬಂದುಬಿಟ್ಟಿತು.

ಅವರು ಹಾಳೆ ಎಳೆದುಕೊಂಡು ಬರೆದರು: "ಮನೆ ತನ್ನ ಜಾಗದಲ್ಲೇ ಇದೆ, ತಪ್ಪು ನನ್ನದು." ಅದರಲ್ಲಿ ನನ್ನ ಸುದ್ದಿಯೇ ಇಲ್ಲ. ನನಗೆ ರೇಗಿಹೋಯಿತು. "ನನ್ನ ಹೆಸರೂ ಬರೀರಿ! ಇಲ್ಲಾಂದ್ರೆ ನಾನೇ ಹೋಗಿ ಹೇಳ್ತೀನಿ."

"ಸ್ಕೇಲ್ ಇಟ್ಟಿದ್ದು ನೀನು ಕಣೆ. ನೋಡ್ದೆ ಗುಂಡಿ ಒತ್ತಿದ್ದು ನನ್ನ ಬೆರಳು," ಎಂದು ಸಹಿ ಹಾಕಿದರು.

ಶನಿವಾರವೇ ನೋಟೀಸು ರದ್ದಾಯಿತು. ಮುಂದಿನ ವಾರ ಬಡ್ತಿ ಆದೇಶ ಬಂತು, ಇನ್ನೊಬ್ಬರ ಹೆಸರಿಗೆ. ಅಕ್ಕನಿಗೆ ಹೇಳಲು ಓಡಿದೆ. ಅಕ್ಕ ಮೇಜಿನ ಮೇಲೆ ಬಗ್ಗಿ, ಅದೇ ಅಂಚಿನ ಉಳಿದ ಹನ್ನೊಂದು ಮನೆಗಳನ್ನು ಹೊಸದಾಗಿ ಒತ್ತುತ್ತಿದ್ದರು. ಆ ಮನೆಗಳಿಗೆ ಇನ್ನೂ ನೋಟೀಸು ಹೋಗಿರಲಿಲ್ಲ; ಅಲ್ಲಿಂದ ಯಾರೂ ಕೇಳಿಕೊಂಡು ಬಂದಿರಲಿಲ್ಲ.