ಪರದೆ ಎಳೆದು ಮಾತಾಡಿಸಿದವರು

ನಮ್ಮ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಎಡಗೈ ಹೆಬ್ಬೆರಳಿನ ಉಗುರು ಅರ್ಧವೇ ಇತ್ತು. ಹರಿಹರದಲ್ಲಿ ಅಪ್ಪ ತಗಡಿನ ಟ್ರಂಕು ಮಾಡುತ್ತಿದ್ದ ಅಂಗಡಿಯಲ್ಲಿ ಚಿಕ್ಕಂದಿನಲ್ಲೇ ಕತ್ತರಿಸಿಹೋದದ್ದು. ಆ ಬೆರಳಿನಿಂದಲೇ ಬಾಣಂತಿಯರ ಕೆಳರೆಪ್ಪೆ ಎಳೆದು, ಮೈಯಲ್ಲಿ ರಕ್ತ ಇದೆಯೇ ಎಂದು ನೋಡುತ್ತಿದ್ದರು.

ನಾನು ದಾವಣಗೆರೆಯ ಆ ಖಾಸಗಿ ಆಸ್ಪತ್ರೆಗೆ ಆಗಷ್ಟೇ ಸೇರಿದ್ದೆ. ಶಾಮನೂರಿನ ವಿಭೂತಿ ಹಚ್ಚುವ ಮನೆಯವನು, ಡಾಕ್ಟರೆಂಬ ಕೊಬ್ಬು ಬೇರೆ. ಹೆತ್ತು ಮೂರು ದಿನವಾಗಿದ್ದ ಮುಸ್ಲಿಂ ಹುಡುಗಿಯನ್ನು, "ರಕ್ತ ಬಾಳ ಹೋಗ್ತೈತಾ?" ಎಂದು ಕೇಳಿದೆ. ಅವಳ ಅತ್ತೆ ಉತ್ತರ ಕೊಟ್ಟಳು: "ಎಲ್ಲಾ ಸರಿ ಐತ್ರಿ." ಉಗುರು ನೋಡಿದೆ, ಮೆಹಂದಿಯಿಂದ ಕೆಂಪಗಿತ್ತು. ಮನೆಗೆ ಹೋಗಬಹುದು ಎಂದು ಬರೆದುಬಿಟ್ಟೆ.

ಸಿಸ್ಟರ್ ಅತ್ತೆಯನ್ನು ಬಿಸಿನೀರಿಗೆ ಕಳಿಸಿ ಪರದೆ ಎಳೆದರು. ಒಳಗೆ ಉರ್ದುವಿನಲ್ಲಿ ಮೆಲುಮಾತು, ಆಮೇಲೆ ಅಳು. ಹೊರಬಂದವರೇ ನನ್ನನ್ನು ಮೂಲೆಗೆ ಕರೆದರು.

"ಮುಂಜಾನಿಂದ ಒಂಬತ್ತು ಬಟ್ಟೆ ಬದಲಾಯಿಸ್ಯಾಳೆ. ರೆಪ್ಪೆ ಬೆಳ್ಳಗೆ ಸುಣ್ಣ ಆಗೈತೆ. ಗಂಡಸ್ರ ಮುಂದೆ, ಅತ್ತೆ ಮುಂದೆ ನಮ್ಮ ಹುಡುಗ್ಯಾರು ಇದನ್ನ ಬಾಯಿ ಬಿಡ್ತಾರೇನ್ರಿ? ಮೆಹಂದಿ ಉಗುರು ನೋಡಿ ಏನು ತಿಳೀತೈತೆ?"

ರಕ್ತ ಕೊಟ್ಟು ಹುಡುಗಿಯನ್ನು ಉಳಿಸಿಕೊಂಡೆವು. ನನ್ನ ತಪ್ಪನ್ನು ಸಿಸ್ಟರ್ ಯಾರ ಮುಂದೆಯೂ ಆಡಲಿಲ್ಲ. ನಮ್ಮ ಮುದುಕಿಯರು ಆಪರೇಷನ್‌ಗೆ ಕೊರಳ ಲಿಂಗ ಬಿಚ್ಚುವುದಿಲ್ಲವೆಂದು ಹಟ ಮಾಡಿದರೆ, ಅದನ್ನು ಅವರ ಮುಂಗೈಗೇ ಕಟ್ಟಿ, "ದೇವ್ರು ಕೈಯಾಗಿದ್ರೆ ಬಿಪಿನೂ ಇಳೀತೈತೆ ಬಿಡ್ರಿ" ಎಂದು ನಗಿಸುತ್ತಿದ್ದವರೂ ಅವರೇ.

ಹೋದ ವರ್ಷ ನಿವೃತ್ತರಾದರು. ಆ ಜಾಗ ಕೇಳಿಕೊಂಡು ಕಡರನಾಯಕನಹಳ್ಳಿಯಿಂದ ಒಬ್ಬ ಮುಸ್ಲಿಂ ಹುಡುಗಿ ಬಂದಳು, ಉರ್ದು ಬಲ್ಲವಳು, ಸಿಸ್ಟರೇ ತಿದ್ದಿದವಳು. ಆಡಳಿತದ ಹಿರಿಯರೊಬ್ಬರು, "ಎಲ್ಲಾ ನಮ್ಮೋರೇ ಇದ್ರೆ ಹೊಂದಾಣಿಕೆ ಚಲೋ" ಎಂದು ನನ್ನ ಮುಖ ನೋಡಿದರು. ನಾನೂ ಅವರವನೇ. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕೆಲಸ ಅವಳಿಗೆ ಸಿಗಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗ ವಾರ್ಡಿನಲ್ಲಿ ಅತ್ತೆಯರೇ ಮಾತಾಡುತ್ತಾರೆ, ಸೊಸೆಯರು ಗೋಡೆ ನೋಡುತ್ತಾರೆ. ಎರಡು ಸಲ ಗಂಡಾಂತರ ಕೂದಲೆಳೆಯಲ್ಲಿ ತಪ್ಪಿದೆ.

ಕಳೆದ ತಿಂಗಳು ಸಿಸ್ಟರ್ ಎದೆನೋವಿನಿಂದ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹರಿಹರಕ್ಕೆ ಹೋದೆ. ಸಿಸ್ಟರ್ ಮಗಳು ತುಂಬು ಬಸುರಿ. ಚಹಾ ಕೊಟ್ಟು, ಬಾಗಿಲ ಬಳಿ ನಿಂತು ಕೇಳಿದಳು:

"ಹೆರಿಗೆ ನಿಮ್ಮಲ್ಲೇ ಆಗ್ಲಿ ಅಂತ ಅಮ್ಮಿ ಹೇಳಿದ್ರು. ಈಗ ಅಲ್ಲಿ ನಮ್ಮ ಜೊತೆ ಮಾತಾಡೋರು ಯಾರದಾರ್ರಿ?"

ಹೆರಿಗೆಗೆ ಇನ್ನು ಹತ್ತು ದಿನ.