ಅತ್ತೆ ಬೇಡಿದ ಹಾರೈಕೆ

ಮೂರನೇ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಇರಕಲ್ಲಗಡದಿಂದ ಬಂದಿದ್ದ ಅತ್ತೆಯ ಅಕ್ಕ ನನ್ನ ಉಡಿಗೆ ಅಕ್ಕಿ ಹಾಕುತ್ತಾ, “ಮುಂದಿನ ಸಲ ಗಂಡು ಹಡೀಬೇಕ್ ನೋಡವಾ” ಎಂದರು. ಮೊಮ್ಮಗ ಬೇಕೆಂದು ಗುಡಿ ಗುಡಿ ಸುತ್ತಿದ್ದ ಅತ್ತೆಯೇ ತಟ್ಟನೆ ಅವರ ಕೈ ಹಿಡಿದರು.

“ಸುಮ್ನಿರಬೇ ಯಕ್ಕಾ! ಮೂರೂ ಸಲ ಹೊಟ್ಟಿ ಕೊಯ್ದು ಕೂಸು ತಗದಾರ. ಒಳಗಿನ ಹೊಲಿಗಿ ಉಳ್ಳಾಗಡ್ಡಿ ಸಿಪ್ಪಿಯಂಗ ತೆಳ್ಳಗಾಗೇತಿ, ಮತ್ತ ಬಸುರಾದ್ರ ಜೀವಕ್ಕ ಕುತ್ತು ಅಂದಾರ ಡಾಕ್ಟರು. ನನ್ನ ಸೊಸಿಗೆ ಆಯುಷ್ಯ ಬೇಡಿ ಉಡಿ ತುಂಬು.”

ಅವರು ಮತ್ತೆ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ಅತ್ತೆ ಹೇಳಿದ ಹಾಗೆಯೇ ಹರಸಿದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಕೂಸು ಈಗ ನನಗಿಂತ ಎತ್ತರ. ಅವಳಿಗೆ ಹೆರಳು ಹಾಕುವಾಗಲೆಲ್ಲ, ಇದನ್ನು ನೋಡಲು ನನ್ನನ್ನು ಉಳಿಸಿದ ದೇವರಿಗೂ ಅತ್ತೆಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.