ದೇವೀರಮ್ಮ ಆಡಿ ನೋಡಿದ ಕಾಲೇಜು

ಬಾಳೂರಿನ ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ ದೇವೀರಮ್ಮನ ಜೊತೆ ಚೌಕಾಬಾರ ಆಡಿ ಗೆದ್ದವರೇ ಇರಲಿಲ್ಲ. ಗೆಲ್ಲುವುದಾದರೂ ಹೇಗೆ? ಮುದುಕಿ ಮೋಸ ಮಾಡುತ್ತಿದ್ದಳು.

ಅಲ್ಲಿ ಕವಡೆಗೆ ಬದಲು ನಾಲ್ಕು ಕಾಫಿ ಬೀಜ ಎಸೆಯುವುದು ರೂಢಿ. ಬೀಜದ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎಷ್ಟು ಚಪ್ಪಟೆ ಮೇಲಾದವೋ ಅಷ್ಟು ಮನೆ ಮುಂದೆ. ನಾಲ್ಕೂ ಉಬ್ಬು ಮೇಲಾದರೆ ಎಂಟು ಮನೆ. ಆದರೆ ಒಂದೊಂದು ಹಣ್ಣಿನಲ್ಲಿ ಎರಡು ಕಾಳಿನ ಬದಲು ಒಂದೇ ಕಾಳು ಬೆಳೆಯುತ್ತದೆ. ಅದು ಪೀಬೆರಿ. ಮೈಯೆಲ್ಲ ಉರುಟು, ಚಪ್ಪಟೆ ಮಗ್ಗುಲೇ ಇಲ್ಲ. ದೇವೀರಮ್ಮನ ಎಲೆಯಡಿಕೆ ಸಂಚಿಯಲ್ಲಿ ಸದಾ ನಾಲ್ಕು ಪೀಬೆರಿ ಇರುತ್ತಿದ್ದವು. ನಲವತ್ತೈದು ವರ್ಷ ಕಾಫಿ ಕೊಯ್ದ ಬೆರಳುಗಳು, ಯಾವಾಗ ಬೀಜ ಬದಲಾಯಿತೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಸೋತವರು ಗೊಣಗಿದರೆ, "ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಎಲೆಗೆ ಸುಣ್ಣ ಹಚ್ಚುತ್ತ ಕೂರುತ್ತಿದ್ದಳು.

ಅಷ್ಟು ವರ್ಷದಲ್ಲಿ ಅವಳನ್ನು ಹಿಡಿದದ್ದು ಒಬ್ಬಳೇ, ಒಂಬತ್ತು ವರ್ಷದ ಮೊಮ್ಮಗಳು ಸುಕನ್ಯಾ. ದೇವೀರಮ್ಮನಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು.

ಆ ಸುಕನ್ಯಾ ಎರಡು ಸಾವಿರದ ಏಳರಲ್ಲಿ ಪಿಯುಸಿ ಮುಗಿಸಿದಳು. ಮೂಡಿಗೆರೆಯ ಕಂಪ್ಯೂಟರ್ ಸೆಂಟರಿನಲ್ಲಿ ಗೇಮ್ ಆಡಿ ಆಡಿ, ಈಗ ಗೇಮ್ ಮಾಡುವುದನ್ನೇ ಕಲಿಯಬೇಕೆಂದು ಹಟ ಹಿಡಿದಿದ್ದಳು. ಹಳೇ ಕ್ಯಾಲೆಂಡರಿನ ಹಿಂದೆ ತನ್ನದೇ ಒಂದು ಚೌಕಾಬಾರ ಬರೆದಿದ್ದಳು: ಕಾಫಿ ಅರಳಿಸುವ ಹೂಮಳೆ ಬಂದರೆ ಎರಡು ಮನೆ ಮುಂದೆ, ಇಂಬಳ ಹತ್ತಿ ರಕ್ತ ಹೀರಿದರೆ ಮೂರು ಮನೆ ಹಿಂದೆ, ಆನೆ ಸಿಕ್ಕರೆ ಸೀದಾ ಮನೆಗೆ ಓಟ. ಇದನ್ನು ಕಂಪ್ಯೂಟರಿಗೆ ಏರಿಸಬೇಕೆಂಬುದು ಅವಳ ಆಸೆ.

"ಆಟಕ್ಕೂ ಕಾಲೇಜಾ ಮಾರಾಯ್ತಿ?" ಎಂದ ಅಪ್ಪ ಬೆಳ್ಳಿಯಪ್ಪ. ಅವನು ಅದೇ ತೋಟದ ಮೇಸ್ತ್ರಿ. ಮಗಳ ಮುಖ ನೋಡಿ ಕೊನೆಗೆ ಮೆತ್ತಗಾದ. "ಮಂಗ್ಳೂರಲ್ಲಿ ಎರಡು ಅವೆ ಅಂತೀಯಲ್ಲ, ನಾಳೆ ಅಜ್ಜಿ ಜೊತೆ ಹೋಗಿ ನೋಡ್ಕಂಡ್ ಬಾ. ಅಜ್ಜಿ ಒಪ್ಪಿದ್ರೆ ಸೈ. ಇಲ್ದಿದ್ರೆ ಮೂಡಿಗೆರೇಲಿ ಬಿ.ಕಾಂ." ಬಿ.ಕಾಂ ಫಾರ್ಮು ಆಗಲೇ ಗೋಡೆಯ ಗೂಡಿನಲ್ಲಿ ಕೂತಿತ್ತು.

ಮರುದಿನ ಅಜ್ಜಿ ಮೊಮ್ಮಗಳು ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿದರು. ತಿರುವಿಗೊಮ್ಮೆ ಅಜ್ಜಿ ನಿಂಬೆಹಣ್ಣು ಮೂಸಿದಳು, ಮೊಮ್ಮಗಳು ನಕ್ಕಳು.

ಮೊದಲನೇ ಕಾಲೇಜು ಗಾಜಿನ ಕಟ್ಟಡ. ಟೈ ಕಟ್ಟಿದವನೊಬ್ಬ ಬಣ್ಣದ ಪುಸ್ತಕ ಕೊಟ್ಟು, ನೂರಕ್ಕೆ ನೂರು ಕೆಲಸ ಸಿಗುತ್ತದೆಂದ. "ಅದಿರ್ಲಿ ಸಾಮಿ, ಒಂದಾಟ ಆಡಿ," ಎಂದು ದೇವೀರಮ್ಮ ಮೇಜಿನ ಮೇಲೆ ಕ್ಯಾಲೆಂಡರ್ ಹಾಸಿಯೇಬಿಟ್ಟಳು. ಅವನು ಮೊಬೈಲಿನಲ್ಲಿ ಮಾತಾಡುತ್ತಲೇ ನಿಂತು ಆಡಿದ. ಅಜ್ಜಿ ನಾಲ್ಕೂ ಪೀಬೆರಿ ಇಳಿಸಿದಳು. ಎಂಟು, ಎಂಟು, ಮತ್ತೆ ಎಂಟು. ಆರು ಸಲ ಎಂಟು! "ಅಜ್ಜಿ ಲಕ್ಕಿ!" ಎಂದ ಅವನು. ಅಜ್ಜಿ ಕ್ಯಾಲೆಂಡರ್ ಸುತ್ತಿದಳು.

"ಅಜ್ಜಿ, ಅಲ್ಲಿ ಇಪ್ಪತ್ತು ಕಂಪ್ಯೂಟರ್ ಇದ್ವು!" ಬೀದಿಗೆ ಬಂದು ಸುಕನ್ಯಾ ಅಳುವುದೊಂದು ಬಾಕಿ.

"ನಮ್ ಸಾಹುಕಾರ್ರ ಕೊಟ್ಟಿಗೇಲೂ ಇಪ್ಪತ್ ದನ ಅವೆ. ಹಾಲ್ ಕರೆಯೋನಿಗೆ ಕೈ ಬರ್ಬೇಕಲ್ಲ? ಕಲ್ಸೋನಿಗೆ ನಿನ್ನಷ್ಟಾದ್ರೂ ಕಣ್ಣಿರ್ಬೇಕು."

ಎರಡನೆಯದು ಬೇಕರಿಯ ಮೇಲಿನ ಮಹಡಿ. ಆರೇ ಕಂಪ್ಯೂಟರು. ಸುಕನ್ಯಾಳಿಗೆ ಬಿ.ಕಾಂ ಕಣ್ಣೆದುರು ಬಂತು. ನಿರಂಜನ ಎಂಬ ತಲೆ ಬಾಚದ ಮೇಷ್ಟ್ರು ಕ್ಯಾಲೆಂಡರ್ ಕಂಡದ್ದೇ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತರು. ಹುಡುಗರು ಸುತ್ತ ನೆರೆದರು. ಇಲ್ಲಿ ಅಜ್ಜಿ ಹುಷಾರಾಗಿ ಎರಡೇ ಪೀಬೆರಿ ಸೇರಿಸಿದಳು. ಮೊದಲು ಒಂದು ಬಿತ್ತು, ಆಮೇಲೆ ಎಂಟು. ಮತ್ತೆ ಎಸೆದದ್ದೇ ತಡ, ಮೇಷ್ಟ್ರು ಬೀಜಗಳ ಮೇಲೆ ಅಂಗೈ ಮುಚ್ಚಿದರು.

ಸುಕನ್ಯಾ ಬಾಗಿಲ ಕಡೆ ನೋಡಿದಳು. ಮೋಸಗಾತಿಯ ಮೊಮ್ಮಗಳಿಗೆ ಸೀಟು ಕೊಡುವವರು ಯಾರು?

"ಅಜ್ಜಿ, ಎರಡು ಬೀಜ ಬಿದ್ದಲ್ಲೇ ಕೂರ್ತವೆ. ಇವೆರಡು ಯಾಕೆ ಓಡ್ತವೆ?" ಎಂದರು ಮೇಷ್ಟ್ರು.

ದೇವೀರಮ್ಮ ಎಲೆಗೆ ಸುಣ್ಣ ಹಚ್ಚತೊಡಗಿದಳು. ಮೇಷ್ಟ್ರು ಬೀಜವನ್ನು ಬೆಳಕಿಗೆ ಹಿಡಿದು ಗಹಗಹಿಸಿದರು. "ಎಂಥಾ ಮೋಸ ಅಜ್ಜಿ ಇದು! ಇದನ್ನ ತೆಗೀಬಾರದು. ಆಟಕ್ಕೇ ಸೇರಿಸಬೇಕು. ಸಿಕ್ಕಿಬಿದ್ದವರ ಕಾಯಿ ವಾಪಸ್ ಮನೆಗೆ."

"ಹಂಗಾದ್ರೆ ಎಲ್ರೂ ಬರೀ ಅನುಮಾನ ಪಡ್ತಾ ಕೂರ್ತಾರೆ ಸಾರ್," ಸುಕನ್ಯಾ ಹೆದರಿಕೆ ಮರೆತು ಬಾಯಿ ಹಾಕಿದಳು. "ಸುಳ್ಳೇ ಅನುಮಾನ ಪಟ್ಟೋರು ಒಂದು ಸರದಿ ಕಳ್ಕೋಬೇಕು."

"ಅದೂ ಸರಿ! ಬರ್ಕೋ, ಬರ್ಕೋ!"

ಒಬ್ಬ ಸೀಮೆಸುಣ್ಣ ತಂದ, ಇನ್ನೊಬ್ಬಳು ಆನೆಯ ಮನೆ ಎರಡಾಗಲಿ ಎಂದಳು. ಕೆಳಗಿನ ಬೇಕರಿಯವನು ಗಲಾಟೆ ಏನೆಂದು ನೋಡಲು ಬಂದು ಆಟಕ್ಕೆ ಕೂತ. ಹೊಸ ನಿಯಮದ ಪ್ರಕಾರ ದೇವೀರಮ್ಮನ ಕಾಯಿ ಮೂರು ಸಲ ಮನೆಗೆ ಓಡಿತು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಕೊನೆಯ ಬಸ್ಸು ಹಿಡಿಯಲು ಇಬ್ಬರೂ ಓಡಬೇಕಾಯಿತು.

ಮನೆ ಬಾಗಿಲಲ್ಲಿ ಬೆಳ್ಳಿಯಪ್ಪ ಕಾಯುತ್ತಿದ್ದ. "ಯಾವ್ ಕಾಲೇಜವ್ವಾ?"

"ನಾನು ಸೋತಿದ್ದು."

ಬೆಳ್ಳಿಯಪ್ಪ ಅವಳನ್ನೇ ನೋಡಿದ. ನಡೆಯಲು ಕಲಿತಾಗಿನಿಂದ ತಾಯಿಯೆದುರು ಒಂದೇ ಒಂದು ಆಟ ಗೆದ್ದವನಲ್ಲ ಅವನು.

"ನೀನು? ಸೋತ್ಯಾ?"

"ಹ್ಞೂಂ. ಅಲ್ಲಿನ ಮೇಷ್ಟ್ರು ಗೆದ್ರು. ಅಲ್ಲಿಗೇ ಸೇರ್ಸು ಕೂಸ್ನ."

ಬೆಳ್ಳಿಯಪ್ಪ ಗೂಡಿನಲ್ಲಿದ್ದ ಬಿ.ಕಾಂ ಫಾರ್ಮು ತೆಗೆದು, ಅದರ ಖಾಲಿ ಬೆನ್ನು ಮೇಲೆ ಮಾಡಿ ಮಗಳ ಮುಂದಿಟ್ಟ.

"ಆ ಮೇಷ್ಟ್ರ ಫೋನ್ ನಂಬರ್ ಬರ್ಕೊಡು," ಎಂದ. "ಹೆಂಗ್ ಗೆದ್ರು ಅಂತ ನಾನೂ ಕೇಳ್ಬೇಕು."